ಸಾಕ್ಸ್ ಹಾಕಿಕೊಳ್ಳಲು 11 ನಿಮಿಷ: ಅಮೆರಿಕದಲ್ಲಿ ಓಟಿ ಅಸಿಸ್ಟೆಂಟ್ ಆಗಬೇಕು ಅನ್ನುವವರಿಗೆ

ನ್ಯೂಜೆರ್ಸಿಯ ಒಂದು ನರ್ಸಿಂಗ್ ಹೋಮ್, ಬೆಳಗ್ಗೆ ಎಂಟು ಗಂಟೆ. ನರ್ಸಿಂಗ್ ಹೋಮ್ ಅಂದರೆ ಇಲ್ಲಿ ನಮ್ಮೂರಿನ ಥರದ ಚಿಕ್ಕ ಆಸ್ಪತ್ರೆ ಅಲ್ಲ, ವಯಸ್ಸಾದವರೂ ಆಪರೇಷನ್ ಆದವರೂ ಇದ್ದು ಆರೈಕೆ ಪಡೆಯುವ ಜಾಗ. ಬೆನ್ನಿನ ಆಪರೇಷನ್ ಆದ ಒಬ್ಬ ಅಜ್ಜ ಮಂಚದ ಅಂಚಿನಲ್ಲಿ ಕೂತಿದ್ದಾರೆ. ಅವರು ಬಗ್ಗುವಂತಿಲ್ಲ, ಸೊಂಟ ತಿರುಗಿಸುವಂತಿಲ್ಲ. ಕೈಯಲ್ಲಿ ಸಾಕ್ಸ್ ಏಡ್ ಇದೆ. ಅದೇನು ದೊಡ್ಡ ಯಂತ್ರವಲ್ಲ. ಉದ್ದಕ್ಕೆ ಸೀಳಿದ ಪೈಪಿನಂಥ ಪ್ಲಾಸ್ಟಿಕ್ ತುಂಡು, ಅದಕ್ಕೆ ಎರಡು ಹಗ್ಗ. ಸಾಕ್ಸನ್ನು ಅದರ ಮೇಲೆ ಏರಿಸಿ, ಹಗ್ಗ ಹಿಡಿದು ನೆಲಕ್ಕೆ ಇಳಿಬಿಟ್ಟು, ಪಾದ ತೂರಿಸಿ ಎಳೆಯಬೇಕು. ಅಜ್ಜನದು ಮೂರು ಸಲ ಜಾರಿತು. ನಾಲ್ಕನೇ ಸಲ ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿತು. ನಾನು ಎರಡು ಅಡಿ ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದೇನೆ. ನಾನು ಹಾಕಿದರೆ ಹತ್ತು ಸೆಕೆಂಡಿನ ಕೆಲಸ, ಆದರೆ ಹಾಕುವ ಹಾಗಿಲ್ಲ. ಒಂದು ಕಾಲಿನ ಸಾಕ್ಸ್ ಏರಲು 11 ನಿಮಿಷ ಬೇಕಾಯಿತು. ಅಜ್ಜ ತಲೆಯೆತ್ತಿ, "ಇನ್ನೊಂದು ಕಾಲೂ ಇದೆಯಲ್ಲಾ" ಅಂತ ನಕ್ಕರು.

ನಾನು ಆಕ್ಯುಪೇಷನಲ್ ಥೆರಪಿ, ಅಂದರೆ ಓಟಿ, ಅಸಿಸ್ಟೆಂಟ್. ನನ್ನ ಕೆಲಸ ಇದೇ. ಈ 11 ನಿಮಿಷ ನಿಮಗೆ ಕೂರಲು ಆಗುತ್ತಾ ಅನ್ನೋದು ಮೊದಲು ನೋಡಿಕೊಳ್ಳಿ. ಫೀಸು, ಪರೀಕ್ಷೆ, ವೀಸಾ ಎಲ್ಲ ಆಮೇಲೆ.

ನಾನು ತಿಪಟೂರಿನವಳು. ಓದಿದ್ದು ಬಿಕಾಂ. ಬೆಂಗಳೂರಿನಲ್ಲಿ ಆರು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. 2011ರಲ್ಲಿ ಗಂಡನ ಜೊತೆ, ಇಲ್ಲಿಗೆ ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್‌-4 ವೀಸಾದಲ್ಲಿ ಇಲ್ಲಿಗೆ ಬಂದೆ. 2014ರಲ್ಲಿ ಹತ್ತಿರದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಕೋರ್ಸುಗಳ ಸರ್ಕಾರಿ ಕಾಲೇಜಿಗೆ, ಸೇರಿದೆ, 2018ರಲ್ಲಿ ಕೆಲಸ ಹಿಡಿದೆ. ಕನ್ನಡ ಸಂಘದ ಊಟದ ಸಾಲಿನಲ್ಲಿ ನಿಂತಾಗಲೆಲ್ಲ ಯಾರಾದರೂ ಒಬ್ಬರು, "ನಾನೂ ನಿಮ್ಮ ಥರ ಏನಾದ್ರೂ ಮಾಡಬಹುದಾ?" ಅಂತ ಕೇಳುತ್ತಾರೆ. ಪಲ್ಯ ಬಡಿಸಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಓಟಿ ಅಂದರೆ ಆಪರೇಷನ್ ಥಿಯೇಟರ್ ಅಲ್ಲ

ನಮ್ಮ ಅಮ್ಮ ಊರಲ್ಲೆಲ್ಲ, "ಮಗಳು ಓಟಿಯಲ್ಲಿ ಕೆಲಸ ಮಾಡ್ತಾಳೆ" ಅಂತ ಹೇಳಿಬಿಟ್ಟಿದ್ದರು. ನಮ್ಮ ಕಡೆ ಓಟಿ ಅಂದರೆ ಆಪರೇಷನ್ ಥಿಯೇಟರ್ ತಾನೇ? ನಾನು ಡಾಕ್ಟರ ಪಕ್ಕ ಕತ್ತರಿ ಹಿಡಿದು ನಿಲ್ಲುತ್ತೇನೆ ಅಂತಲೇ ಸುಮಾರು ಜನ ಅಂದುಕೊಂಡಿದ್ದಾರೆ. ಪರೀಕ್ಷೆ ಪಾಸಾದ ಮೇಲೆ ಸಿಗುವ ಪದವಿಗೆ ಇಲ್ಲಿ ಎಲ್ಲರೂ 'ಕೋಟಾ' ಅನ್ನುತ್ತಾರೆ. ಸರ್ಟಿಫೈಡ್ ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್ ಅನ್ನುವುದರ ಮೊದಲಕ್ಷರಗಳು. ಅದನ್ನು ಕೇಳಿ ಚಿಕ್ಕಪ್ಪ, "ಅಮೆರಿಕದಲ್ಲೂ ಕೋಟಾದಲ್ಲಿ ಕೆಲಸ ಕೊಡ್ತಾರಾ?" ಅಂದರು.

ಆಕ್ಯುಪೇಷನ್ ಅಂದರೆ ಇಲ್ಲಿ ನೌಕರಿ ಅಲ್ಲ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಒಬ್ಬ ಮನುಷ್ಯ ಮಾಡುವ ಎಲ್ಲ ಕೆಲಸ. ಹಲ್ಲುಜ್ಜುವುದು, ಸ್ನಾನ, ಬಟ್ಟೆ, ಟಾಯ್ಲೆಟ್ಟು, ಕಾಫಿ ಮಾಡಿಕೊಳ್ಳುವುದು, ಮಾತ್ರೆ ಡಬ್ಬಿ ತುಂಬಿಸುವುದು. ಮಗುವಾದರೆ ಪೆನ್ಸಿಲ್ ಹಿಡಿಯುವುದು, ಜಿಪ್ ಹಾಕುವುದು, ಗದ್ದಲದ ಕ್ಲಾಸಿನಲ್ಲಿ ಕೂರುವುದು. ಲಕ್ವ ಹೊಡೆದೋ, ಮೂಳೆ ಮುರಿದೋ, ಮರೆವು ಬಂದೋ ಇವು ಕೈತಪ್ಪಿದಾಗ ಮತ್ತೆ ಕಲಿಸುವುದು ಈ ಥೆರಪಿ. ಫಿಸಿಯೋದವರು ರೋಗಿಯನ್ನು ಬಚ್ಚಲುಮನೆಯವರೆಗೆ ನಡೆಸುತ್ತಾರೆ ಅಂತಿಟ್ಟುಕೊಳ್ಳಿ. ಒಳಗೆ ಹೋದ ಮೇಲಿನದು ನಮ್ಮ ಪಾಲು.

ಇಲ್ಲಿ ಮೂರು ಹುದ್ದೆಗಳಿವೆ, ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಆಗಲು ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಬೇಕು. ರೋಗಿಯನ್ನು ಮೊದಲು ಪರೀಕ್ಷಿಸಿ, ಗುರಿ ಬರೆದು, ಚಿಕಿತ್ಸೆಯ ಯೋಜನೆ ಹಾಕುವವರು ಅವರು. ಅಸಿಸ್ಟೆಂಟ್, ಅಂದರೆ ನಾನು, ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿದವಳು. ಆ ಯೋಜನೆ ಹಿಡಿದು ದಿನಾ ರೋಗಿಯ ಜೊತೆ ಕೆಲಸ ಮಾಡುವವಳು. ಮೂರನೆಯವರು ಏಡ್. ಅವರಿಗೆ ಡಿಗ್ರಿ ಬೇಡ, ಸಾಮಾನು ಜೋಡಿಸುವುದು, ರೋಗಿಯನ್ನು ಕರೆತರುವುದು ಇಂಥ ಕೆಲಸ, ಸಂಬಳವೂ ಬಹಳ ಕಮ್ಮಿ. ಜಾಹೀರಾತು ಓದುವಾಗ ಅಸಿಸ್ಟೆಂಟೋ ಏಡೋ ಅಂತ ಕಣ್ಣಿಟ್ಟು ನೋಡಿ.

ದುಡ್ಡು ಕಟ್ಟುವ ಮೊದಲು

ಮೊದಲು ಹೋಗಿ ನೋಡಿ. ಬಹಳ ಕಾಲೇಜುಗಳು ಸೇರುವ ಮೊದಲೇ ಇಷ್ಟು ಗಂಟೆ ಯಾರಾದರೂ ಥೆರಪಿಸ್ಟ್ ಪಕ್ಕ ನಿಂತು ನೋಡಿರಬೇಕು ಅನ್ನುತ್ತವೆ. ಕೇಳದಿದ್ದರೂ ಹೋಗಿ. ಅದೂ ಮಕ್ಕಳ ಕ್ಲಿನಿಕ್ಕಿಗೆ ಮಾತ್ರ ಬೇಡ. ಬಣ್ಣದ ಚೆಂಡು, ಉಯ್ಯಾಲೆ ಎಲ್ಲ ನೋಡಿ ಎಲ್ಲರಿಗೂ ಇಷ್ಟವಾಗುತ್ತದೆ. ನರ್ಸಿಂಗ್ ಹೋಮಿಗೆ ಹೋಗಿ, ಬೆಳಗ್ಗೆ ಏಳೂವರೆಗೆ. ಆಗ ಟಾಯ್ಲೆಟ್ಟಿನ ಹೊತ್ತು. ವಾಸನೆ ಇರುತ್ತದೆ, ಒದ್ದೆ ಹಾಸಿಗೆ ಇರುತ್ತದೆ, ಬೈಗುಳವೂ ಇರುತ್ತದೆ. ನನಗೆ ಮೊದಲ ದಿನ ಹೊಟ್ಟೆ ತೊಳಸಿತು. ಮೂರನೇ ದಿನ ಗಮನಕ್ಕೇ ಬರಲಿಲ್ಲ. ನನ್ನ ಜೊತೆ ನೋಡಲು ಬಂದಿದ್ದ ಒಬ್ಬ ಹುಡುಗಿಗೆ ಕೊನೆಯ ದಿನವೂ ಹೋಗಲಿಲ್ಲ. ಅವಳು ಡೆಂಟಲ್ ಹೈಜಿನಿಸ್ಟ್ ಕೋರ್ಸಿಗೆ ಹೋದಳು, ಚೆನ್ನಾಗಿದ್ದಾಳೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೊದಲೇ ಗೊತ್ತಾದರೆ ಎರಡು ವರ್ಷ ಉಳಿಯುತ್ತದೆ.

ಎರಡನೇ ಪರೀಕ್ಷೆ ಮನೆಯಲ್ಲೇ ಮಾಡಿ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಶೂ ಲೇಸ್ ಕಟ್ಟಿಕೊಳ್ಳಲು ಬಿಟ್ಟು ಸುಮ್ನೆ ಕೂರಿ. ಸ್ಕೂಲ್ ಬಸ್ ಬರುವ ಹೊತ್ತಿನಲ್ಲಿ. ನಿಮ್ಮ ಕೈ ಮುಂದೆ ಹೋಗುತ್ತಾ? ನನ್ನದು ಹೋಗುತ್ತಿತ್ತು. ನಾವು ಬೆಳೆದಿದ್ದೇ ಹಾಗೆ, ಅಲ್ವಾ? ದೊಡ್ಡವರು ಲೋಟ ಎತ್ತಿಕೊಳ್ಳಲು ಬಗ್ಗಿದರೆ ಓಡಿಹೋಗಿ ಕೈಗೆ ಕೊಡುವುದು ಸಂಸ್ಕಾರ. ಈ ಕೆಲಸದಲ್ಲಿ ಅದೇ ತಪ್ಪು. ಅವರು ಲೋಟದವರೆಗೆ ಕೈ ಚಾಚಬೇಕು ಅಂತಲೇ ನಾವು ಅದನ್ನು ಸ್ವಲ್ಪ ದೂರ ಇಟ್ಟಿರುತ್ತೇವೆ.

ಮೂರನೆಯದು ಮನಸ್ಸಿಗೆ ಸಂಬಂಧಿಸಿದ್ದು. ನೀವು ಕೊನೆಯವರೆಗೂ ಅಸಿಸ್ಟೆಂಟೇ. ನಿಮ್ಮ ಕೂದಲು ನೆರೆತ ಮೇಲೂ 26 ವರ್ಷದ ಥೆರಪಿಸ್ಟ್ ಒಬ್ಬಳು ನಿಮ್ಮ ಕೆಲಸದ ಮೇಲೆ ಕಣ್ಣಿಟ್ಟು ಸಹಿ ಹಾಕುತ್ತಾಳೆ. ಮೊದಲ ಭೇಟಿಯ ಮೌಲ್ಯಮಾಪನ ನೀವೊಬ್ಬರೇ ಮಾಡುವಂತಿಲ್ಲ. ಗುರಿ ನೀವೇ ಬದಲಾಯಿಸುವಂತಿಲ್ಲ. ಮುಂದೆ ಓದಿ ಥೆರಪಿಸ್ಟ್ ಆಗುವ ಬ್ರಿಡ್ಜ್ ಕೋರ್ಸುಗಳು ಇವೆ, ಆದರೆ ಕಡಿಮೆ. ಬಿಕಾಂ ಮುಗಿಸಿದವರು, ವಯಸ್ಸು, ದುಡ್ಡು ಎರಡೂ ಕೈಯಲ್ಲಿದ್ದರೆ ನೇರ ಮಾಸ್ಟರ್ಸ್ ಬಗ್ಗೆಯೇ ಒಮ್ಮೆ ವಿಚಾರಿಸಿ. ನನಗೆ ಆಗ ಎರಡು ವರ್ಷದ ಮಗ, ಕೈಯಲ್ಲಿ ದುಡ್ಡಿಲ್ಲ. ಅದಕ್ಕೇ ಇದು.

ವೀಸಾ ವಿಷಯ

ಎಚ್‌-4ರಲ್ಲಿ ಓದಬಹುದು, ಅದಕ್ಕೆ ಅಡ್ಡಿಯಿಲ್ಲ. ಕೆಲಸಕ್ಕೆ ಇಎಡಿ, ಅಂದರೆ ಕೆಲಸ ಮಾಡಲು ಸರ್ಕಾರ ಕೊಡುವ ಅನುಮತಿ ಕಾರ್ಡ್, ಬೇಕು. 2015ರ ಮೇ ತಿಂಗಳಿಂದ, ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆಯಾಗಿದ್ದರೆ ಎಚ್‌-4ನವರು ಅದಕ್ಕೆ ಅರ್ಜಿ ಹಾಕಬಹುದು. ನಾನು ಕಾಲೇಜು ಸೇರಿದಾಗ ಆ ನಿಯಮವೇ ಬಂದಿರಲಿಲ್ಲ. "ಓದಿ ಏನು ಮಾಡ್ತೀಯ?" ಅಂತ ಎಲ್ಲರೂ ಕೇಳಿದರು. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಈ ಓದು ಮುಗಿಸಿ ಕಂಪನಿ ಕೊಡಿಸುವ ಕೆಲಸದ ವೀಸಾ, ಅಂದರೆ ಎಚ್‌-1ಬಿ ಹಿಡಿಯುತ್ತೇನೆ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ. ಅದಕ್ಕೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಕಾಗುವ ಹುದ್ದೆ ಆಗಬೇಕು. ಇದು ಅಸೋಸಿಯೇಟ್ ಡಿಗ್ರಿಯ ಹುದ್ದೆ. ಇಎಡಿಯೋ ಗ್ರೀನ್ ಕಾರ್ಡೋ ಇದ್ದವರಿಗೆ ಮಾತ್ರ ಇದು ಗಟ್ಟಿ ದಾರಿ. ಇಎಡಿ ನವೀಕರಣವನ್ನೂ ಮೊದಲೇ ಹಾಕಿ. ಒಮ್ಮೆ ನನ್ನದು ತಡವಾಗಿ ಎರಡು ತಿಂಗಳು ಮನೆಯಲ್ಲಿ ಕೂತೆ.

ಇನ್ನೊಂದು ಮಾತು. ಮಣಿಪಾಲದಲ್ಲೋ ಇನ್ನೆಲ್ಲೋ ಬಿಓಟಿ, ಅಂದರೆ ಆಕ್ಯುಪೇಷನಲ್ ಥೆರಪಿಯ ಬ್ಯಾಚುಲರ್ ಡಿಗ್ರಿ, ಮಾಡಿ ಬಂದವರು ಅಸಿಸ್ಟೆಂಟ್ ಕೋರ್ಸಿಗೆ ಸೇರಬೇಡಿ. ಹೊರದೇಶದಲ್ಲಿ ಓದಿದ ಥೆರಪಿಸ್ಟುಗಳ ಅರ್ಹತೆಯನ್ನು ಇಲ್ಲಿನ ಪರೀಕ್ಷೆ ನಡೆಸುವ ಎನ್‌ಬಿಸಿಓಟಿ ಅನ್ನುವ ಸಂಸ್ಥೆ ಪರಿಶೀಲಿಸುತ್ತದೆ. ಅದು ಒಪ್ಪಿದರೆ ನೇರ ಥೆರಪಿಸ್ಟ್ ಪರೀಕ್ಷೆಗೇ ಕೂರಬಹುದು. ಅಸಿಸ್ಟೆಂಟ್ ಪರೀಕ್ಷೆಗೆ ಆ ದಾರಿ ಇಲ್ಲ. ಇಲ್ಲಿನ ಮಾನ್ಯತೆ ಪಡೆದ ಕಾಲೇಜಿನಲ್ಲೇ ಓದಿರಬೇಕು.

ಊರಿನಿಂದಲೇ ಕೇಳುವವರಿಗೂ ಒಂದು ಮಾತು. ಭಾರತದಲ್ಲಿ ಇಲ್ಲಿಯ ಹಾಗೆ ಅಸಿಸ್ಟೆಂಟ್ ಅನ್ನುವ ಬೇರೆ ಮೆಟ್ಟಿಲು ಬೆಳೆದಿಲ್ಲ. ಅಲ್ಲಿ ಇಂಟರ್ನ್‌ಶಿಪ್ ಸೇರಿದ ಬಿಓಟಿ ಓದುವುದೇ ದಾರಿ. ಭಾರತದ ಮೊದಲ ಓಟಿ ಶಾಲೆ ಶುರುವಾಗಿದ್ದು 1950ರಲ್ಲಿ, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ. ಶುರುಮಾಡಿದ ಕಮಲಾ ನಿಂಬ್ಕರ್ ಹುಟ್ಟಿದ್ದು ಅಮೆರಿಕದಲ್ಲಿ, ಭಾರತದವರನ್ನು ಮದುವೆಯಾಗಿ ಭಾರತದಲ್ಲೇ ನೆಲೆಸಿದವರು. ನಾನು ಮದುವೆಯಾಗಿ ಅಮೆರಿಕಕ್ಕೆ ಬಂದು ಅದನ್ನೇ ಕಲಿತೆ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಮೇಷ್ಟ್ರಿಗೇ ಗೊತ್ತಿರಲಿಲ್ಲ. ಆ ಖುಷಿ ನನಗೆ ಒಂದು ವಾರ ಇತ್ತು.

ಕಾಲೇಜು ಆರಿಸುವುದು

ಮೊದಲು ನೋಡಬೇಕಾದದ್ದು ಎಸಿಓಟಿಇ, ಅಂದರೆ ಓಟಿ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆಯ ಮಾನ್ಯತೆ. ಅದಿಲ್ಲದ ಕಾಲೇಜಿನಲ್ಲಿ ಓದಿದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಎರಡನೆಯದು, ಆ ಕಾಲೇಜಿನ ಮಕ್ಕಳು ಎಷ್ಟು ಜನ ಪಾಸಾಗಿದ್ದಾರೆ ಅನ್ನುವ ಲೆಕ್ಕ. ಕಾಲೇಜು ಕಾಲೇಜಿನ ಲೆಕ್ಕ ಎನ್‌ಬಿಸಿಓಟಿ ಸೈಟಿನಲ್ಲೇ ಸಿಗುತ್ತದೆ. ಮೂರು ವರ್ಷದ ಸರಾಸರಿ 80 ಪರ್ಸೆಂಟಿಗಿಂತ ಕೆಳಗೆ ಹೋಗಬಾರದು ಅಂತ ಮಾನ್ಯತೆಯ ನಿಯಮವೇ ಇದೆ. ಸೇರಿದವರಲ್ಲಿ ಎಷ್ಟು ಜನ ಕೋರ್ಸ್ ಮುಗಿಸಿದರು ಅಂತಲೂ ಕೇಳಿ. 30 ಜನ ಸೇರಿ 14 ಜನ ಉಳಿದು, ಆ 14 ಜನವೂ ಪಾಸಾದರೆ ಕಾಗದದ ಮೇಲೆ ನೂರಕ್ಕೆ ನೂರು ಕಾಣುತ್ತದೆ.

ಇನ್ನು ದುಡ್ಡು. ಕಮ್ಯುನಿಟಿ ಕಾಲೇಜಿನಲ್ಲಿ ಪುಸ್ತಕ, ಲ್ಯಾಬು ಎಲ್ಲ ಸೇರಿ ನನಗೆ ಸುಮಾರು 15 ಸಾವಿರ ಡಾಲರ್ ಆಯಿತು. ಅದೇ ಕೋರ್ಸಿಗೆ ಒಂದು ಖಾಸಗಿ ಕಾಲೇಜು ಅದರ ಮೂರು ಪಟ್ಟು ಹೇಳಿತ್ತು. "ನಾಳೆಯೇ ಸೀಟು, ಕಾಯಬೇಕಾಗಿಲ್ಲ" ಅಂತ ದಿನಾ ಫೋನ್ ಬೇರೆ. ಪರೀಕ್ಷೆ ಒಂದೇ, ಲೈಸೆನ್ಸ್ ಒಂದೇ, ಸಂಬಳವೂ ಒಂದೇ. ಅಕೌಂಟ್ಸ್ ಬುದ್ಧಿ ಅಲ್ಲಿ ಉಪಯೋಗಕ್ಕೆ ಬಂತು. ಕಮ್ಯುನಿಟಿ ಕಾಲೇಜಿನಲ್ಲಿ ಸೀಟಿಗೆ ಕಾಯಬೇಕು, ಕಾಯಿರಿ. ಆ ಹೊತ್ತಿನಲ್ಲಿ ಮೊದಲ ವಿಷಯಗಳನ್ನು ಮುಗಿಸಿಕೊಳ್ಳಿ. ಅನಾಟಮಿ ಮತ್ತು ಫಿಸಿಯಾಲಜಿ ಎರಡು ಭಾಗ, ಲ್ಯಾಬ್ ಸಮೇತ. ಇಂಗ್ಲಿಷ್, ಸೈಕಾಲಜಿ, ಕೆಲವು ಕಡೆ ಸ್ಟ್ಯಾಟಿಸ್ಟಿಕ್ಸ್. ಊರಿನ ಡಿಗ್ರಿಯನ್ನು ಮೌಲ್ಯಮಾಪನಕ್ಕೆ ಕಳಿಸಿದರೆ ಒಂದೆರಡು ವಿಷಯ ಉಳಿಯಬಹುದು. ನನಗೆ ಸ್ಟ್ಯಾಟಿಸ್ಟಿಕ್ಸ್ ಉಳಿಯಿತು, ಇಂಗ್ಲಿಷ್ ಉಳಿಯಲಿಲ್ಲ.

ಕೈಯ ಮೂಳೆ, ಸ್ನಾಯು, ನರ ಬಾಯಿಪಾಠ ಮಾಡುವುದು ಕಷ್ಟ ಅಂತ ಎಲ್ಲರೂ ಹೆದರುತ್ತಾರೆ. ಮಗ್ಗಿ, ಶ್ಲೋಕ ಬಾಯಿಪಾಠ ಮಾಡಿ ಬೆಳೆದ ನಮಗೆ ಅದು ದೊಡ್ಡದಲ್ಲ. ಕಷ್ಟವಾದದ್ದು ಫೀಲ್ಡ್‌ವರ್ಕ್.

ಹದಿನಾರು ವಾರ

ಕೋರ್ಸಿನ ಕೊನೆಗೆ ಕನಿಷ್ಠ 16 ವಾರ ಪೂರ್ತಿ ದಿನದ ಫೀಲ್ಡ್‌ವರ್ಕ್ ಇರುತ್ತದೆ. ಸಾಮಾನ್ಯವಾಗಿ ಎಂಟು ವಾರ ಒಂದು ಕಡೆ, ಎಂಟು ವಾರ ಇನ್ನೊಂದು ಕಡೆ. ಸಂಬಳವಿಲ್ಲ. ಮಕ್ಕಳಿರುವವರು ಈ ನಾಲ್ಕು ತಿಂಗಳಿಗೆ ಈಗಲೇ ವ್ಯವಸ್ಥೆ ಮಾಡಿಕೊಳ್ಳಿ. ನಾನು ತಿಪಟೂರಿನಿಂದ ಅಮ್ಮನನ್ನು ಕರೆಸಿಕೊಂಡಿದ್ದೆ.

ನನ್ನ ಮೊದಲ ಜಾಗದಲ್ಲಿ ಲಕ್ವ ಹೊಡೆದ ಒಬ್ಬ ಅಜ್ಜಿ ಇದ್ದರು. ಎಡಗೈಯಲ್ಲಿ ಶಕ್ತಿ ಇಲ್ಲ. ಅಂಗಿ ಹಾಕಿಕೊಳ್ಳುವುದಕ್ಕೆ ಒಂದು ಕ್ರಮ ಇದೆ. ಬಲವಿಲ್ಲದ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಅದೇ ಕೈ ಕೊನೆಗೆ. ಒಮ್ಮೆ ಮನೆಯಲ್ಲಿ ಒಂದು ಕೈ ಸೋತ ಹಾಗೆ ನಟಿಸಿ, ಉಲ್ಟಾ ಕ್ರಮದಲ್ಲಿ ಅಂಗಿ ಹಾಕಿಕೊಳ್ಳಿ ನೋಡೋಣ, ಗೊತ್ತಾಗುತ್ತದೆ. ಅಜ್ಜಿ ಅಂಗಿಯನ್ನು ತೊಡೆಯ ಮೇಲೆ ಹಾಸಿಕೊಂಡು, ಬಲಗೈಯಿಂದ ಎಡಗೈಯನ್ನು ಎತ್ತಿ ತೋಳಿನ ಬಾಯಿಗೆ ಇಟ್ಟರು. ಅಲ್ಲಿಗೇ ನಿಂತಿತು. ಬೆವರುತ್ತಿದ್ದರು. ನನಗೆ ನೋಡಲು ಆಗಲಿಲ್ಲ. ತೋಳು ಎಳೆದೆ, ಬೆನ್ನ ಹಿಂದೆ ತಂದೆ, ಗುಂಡಿಯೂ ಹಾಕಿಬಿಟ್ಟೆ. ಅಜ್ಜಿ ನನ್ನ ಕೆನ್ನೆ ಸವರಿದರು. ನಾನು ಖುಷಿಯಾಗಿ ಹೋಗಿ ನೋಟ್ಸಿನಲ್ಲಿ "ಮಿನಿಮಲ್ ಅಸಿಸ್ಟ್" ಅಂತ ಬರೆದೆ. ಅಂದರೆ ಮುಕ್ಕಾಲು ಪಾಲೋ ಅದಕ್ಕಿಂತ ಹೆಚ್ಚೋ ರೋಗಿಯೇ ಮಾಡಿದರು ಅಂತ ಅರ್ಥ.

ನನ್ನ ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ನೋಡಿದ್ದಳು. "ಅಂಗಿ ಹಾಕಿದ್ದು ಯಾರು?" ಅಂದಳು. ನಾನು ಸುಮ್ಮನಾದೆ. "ನೀನು ಹೀಗೆ ಬರೆದರೆ ಅವರನ್ನು ಒಬ್ಬರೇ ಇರುವ ಮನೆಗೆ ಕಳಿಸುತ್ತಾರೆ. ಅಲ್ಲಿ ನೀನು ಇರ್ತೀಯಾ?" ಅಂದಳು. ಮರುದಿನದಿಂದ ಕೈ ಜೇಬಿನಲ್ಲಿ ಇಟ್ಟುಕೊಂಡು ನಿಲ್ಲು ಅಂದಳು. ಮಧ್ಯಾವಧಿಯ ಅಂಕ ಫೇಲಿನ ಅಂಚಿನಲ್ಲಿತ್ತು. ಎರಡು ವಾರ ನಿಜವಾಗಲೂ ಕೈ ಜೇಬಿನಲ್ಲೇ ಇಟ್ಟುಕೊಂಡೆ. ಬೀಳುವ ಭಯ ಇದ್ದಾಗ ಮಾತ್ರ ರೋಗಿಯ ಸೊಂಟಕ್ಕೆ ಕಟ್ಟಿದ ಬೆಲ್ಟಿಗೆ ಒಂದು ಕೈ.

ಇನ್ನೊಂದು ತಪ್ಪೂ ಹೇಳಿಬಿಡುತ್ತೇನೆ. ವೀಲ್‌ಚೇರಿನ ಒಂದು ಬ್ರೇಕ್ ಹಾಕಿ ಇನ್ನೊಂದು ಮರೆತೆ. ರೋಗಿ ಏಳುವಾಗ ಕುರ್ಚಿ ತಿರುಗಿತು. ಬೆಲ್ಟ್ ಹಿಡಿದಿದ್ದೆ, ಅವರು ವಾಪಸ್ ಕೂತರು, ಏನೂ ಆಗಲಿಲ್ಲ. ವರದಿ ಬರೆದುಕೊಟ್ಟೆ. ಈಗಲೂ ಎರಡೂ ಬ್ರೇಕ್ ಮುಟ್ಟಿ "ಒಂದು, ಎರಡು" ಅಂತ ಕನ್ನಡದಲ್ಲಿ ಬಾಯಿಬಿಟ್ಟು ಎಣಿಸುತ್ತೇನೆ. ನಮ್ಮ ರೋಗಿಗಳಲ್ಲಿ ಮೂರ್ನಾಲ್ಕು ಜನಕ್ಕೆ ಅಷ್ಟು ಕನ್ನಡ ಬಂದಿದೆ.

ಪರೀಕ್ಷೆ

ನಾಲ್ಕು ಗಂಟೆಯ ಕಂಪ್ಯೂಟರ್ ಪರೀಕ್ಷೆ. 300ರಿಂದ 600ರವರೆಗಿನ ಅಳತೆಯಲ್ಲಿ 450 ಬಂದರೆ ಪಾಸು. ಫೀಸು 500 ಡಾಲರಿಗಿಂತ ಜಾಸ್ತಿ. ನಾನು ಮೊದಲ ಸಲ ಫೇಲಾದೆ. ವಿಷಯ ಗೊತ್ತಿತ್ತು, ಪ್ರಶ್ನೆ ಓದಲು ಬರುತ್ತಿರಲಿಲ್ಲ. ಅಲ್ಲಿ ನಾಲ್ಕು ಉತ್ತರವೂ ಸರಿಯೇ ಇರುತ್ತವೆ. "ಮೊದಲು ಏನು ಮಾಡುತ್ತೀರಿ" ಅಂತ ಕೇಳುತ್ತಾರೆ. ಪರೀಕ್ಷೆಯ ಪ್ರಶ್ನೆ ಹೊರಗೆ ಹೇಳುವಂತಿಲ್ಲ, ಹಾಗಾಗಿ ನಾನೇ ಕಟ್ಟಿದ್ದು: ಮರೆವಿನ ಕಾಯಿಲೆಯ ಒಬ್ಬರು ಸ್ಟವ್ ಹಚ್ಚಿ, ಪಾತ್ರೆ ಇಡದೆ ಫ್ರಿಜ್ ಕಡೆ ಹೋದರು. ನೀವು ಮೊದಲು ಏನು ಮಾಡುತ್ತೀರಿ? ನಾನಾಗಿದ್ದರೆ ಓಡಿಹೋಗಿ ಆರಿಸುತ್ತಿದ್ದೆ, ಆಮೇಲೆ ಮಗಳಿಗೆ ಫೋನ್ ಮಾಡುತ್ತಿದ್ದೆ. ಪಕ್ಕದಲ್ಲಿ ಬಟ್ಟೆ ಇಲ್ಲ, ಎಣ್ಣೆ ಇಲ್ಲ, ನೀವು ಹತ್ತಿರವೇ ಇದ್ದೀರಿ ಅಂದರೆ, "ಈಗ ಒಲೆಯ ಮೇಲೆ ಏನಿದೆ ನೋಡಿ" ಅಂತ ಮಾತಿನಲ್ಲಿ ಒಂದು ಸುಳಿವು ಕೊಡುವುದೇ ಸರಿ. ಅಪಾಯ ಇದ್ದರೆ ತಕ್ಷಣ ಕೈ ಹಾಕು, ಇಲ್ಲದಿದ್ದರೆ ಎಷ್ಟು ಕಮ್ಮಿ ಸಹಾಯ ಸಾಕೋ ಅಷ್ಟೇ. ಎರಡನೇ ಸಲ ಓದುವಾಗ ಪುಸ್ತಕ ಮುಚ್ಚಿಟ್ಟು ಪ್ರಶ್ನೆಗಳನ್ನೇ ಮಾಡಿದೆ. ತಪ್ಪಾದ ಪ್ರತಿಯೊಂದರ ಪಕ್ಕ ಯಾಕೆ ತಪ್ಪಾಯಿತು ಅಂತ ಕನ್ನಡದಲ್ಲಿ ಬರೆದೆ. ಬಹಳ ಕಡೆ ಬರೆದಿದ್ದು ಒಂದೇ ಸಾಲು: "ಅವಸರಪಟ್ಟು ಸಹಾಯ ಮಾಡಿದೆ."

ಆಮೇಲೆ ರಾಜ್ಯದ ಲೈಸೆನ್ಸ್, ಸಿಪಿಆರ್ ಕಾರ್ಡ್, ಟಿಬಿ ಪರೀಕ್ಷೆ, ಹಿನ್ನೆಲೆ ವಿಚಾರಣೆ. ಇವೆಲ್ಲ ಬರೀ ಕಾಗದದ ಕೆಲಸ. ಮೂರು ವರ್ಷಕ್ಕೊಮ್ಮೆ 36 ಯೂನಿಟ್ ಕಲಿಕೆ ತೋರಿಸಿ ಎನ್‌ಬಿಸಿಓಟಿ ಸರ್ಟಿಫಿಕೇಟ್ ನವೀಕರಿಸಬೇಕು.

ಸಂಬಳ ಮತ್ತು ಸಂಕಟ

2023ರಲ್ಲಿ ಸರ್ಕಾರದ ಲೆಕ್ಕದ ಪ್ರಕಾರ ದೇಶದಾದ್ಯಂತ ಅಸಿಸ್ಟೆಂಟುಗಳ ಮಧ್ಯದ ಸಂಬಳ ವರ್ಷಕ್ಕೆ ಸುಮಾರು 67 ಸಾವಿರ ಡಾಲರ್. ಥೆರಪಿಸ್ಟುಗಳದು ಸುಮಾರು 96 ಸಾವಿರ. ಎರಡು ವರ್ಷದ ಓದಿಗೆ ಇದು ಒಳ್ಳೆಯ ಸಂಬಳವೇ. ಆದರೆ ವರ್ಷದ ಲೆಕ್ಕ ನಂಬಿ ಕೂರಬೇಡಿ. ಬಹಳ ಕಡೆ ಕೊಡುವುದು ಗಂಟೆಯ ಲೆಕ್ಕದಲ್ಲಿ. ರೋಗಿಗಳು ಕಮ್ಮಿ ಇದ್ದ ದಿನ ಮಧ್ಯಾಹ್ನವೇ ಮನೆಗೆ ಹೋಗು ಅನ್ನುತ್ತಾರೆ.

ಇದಕ್ಕೆ ಕಾರಣ ಮೆಡಿಕೇರ್, ಅಂದರೆ ಹೆಚ್ಚಾಗಿ ವಯಸ್ಸಾದವರಿಗೆ ಇಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ. ಮೊದಲು ನರ್ಸಿಂಗ್ ಹೋಮುಗಳಿಗೆ ಥೆರಪಿಯ ನಿಮಿಷದ ಮೇಲೆ ದುಡ್ಡು ಬರುತ್ತಿತ್ತು. 2019ರ ಅಕ್ಟೋಬರ್ 1ರಿಂದ ರೋಗಿಯ ಸ್ಥಿತಿಯ ಮೇಲೆ ಬರುವಂತಾಯಿತು. ಆ ವಾರವೇ ನನ್ನ 40 ಗಂಟೆ 26 ಆಯಿತು. ಜೊತೆಯಲ್ಲಿದ್ದ ಇಬ್ಬರಿಗೆ ಕೆಲಸವೇ ಹೋಯಿತು. 2022ರಿಂದ ಮೆಡಿಕೇರ್ ಪಾರ್ಟ್ ಬಿಯಲ್ಲಿ (ಹೆಚ್ಚಾಗಿ ಹೊರರೋಗಿ ಸೇವೆಯ ಭಾಗ) ಅಸಿಸ್ಟೆಂಟ್ ಕೊಟ್ಟ ಥೆರಪಿಗೆ ಮಾಮೂಲಿ ದರದ 85 ಪರ್ಸೆಂಟ್ ಮಾತ್ರ ಸಿಗುತ್ತದೆ. ಕೆಲಸ ಇಲ್ಲ ಅಂತಲ್ಲ, ಇದೆ. ಆದರೆ ಒಂದೇ ಬುಟ್ಟಿಯಲ್ಲಿ ಎಲ್ಲ ತೆಂಗಿನಕಾಯಿ ಇಡಬೇಡಿ. ನಾನು ವಾರಕ್ಕೆ ನಾಲ್ಕು ದಿನ ಒಂದು ಕಡೆ, ಶನಿವಾರ ಇನ್ನೊಂದು ಕಡೆ ಪರ್ ಡೀಮ್, ಅಂದರೆ ಬೇಕಾದ ದಿನಕ್ಕೆ ಮಾತ್ರದ ಕೆಲಸ, ಮಾಡುತ್ತೇನೆ. ಅದರಲ್ಲಿ ಗಂಟೆಗೆ ಜಾಸ್ತಿ ಕೊಡುತ್ತಾರೆ, ರಜೆ, ಇನ್ಶೂರೆನ್ಸ್ ಏನೂ ಇರುವುದಿಲ್ಲ.

ಇಂಟರ್‌ವ್ಯೂನಲ್ಲಿ ಸಂಬಳಕ್ಕಿಂತ ಮೊದಲು ಪ್ರೊಡಕ್ಟಿವಿಟಿ ಎಷ್ಟು ಅಂತ ಕೇಳಿ. ನಾನು ಮೊದಲು ಸೇರಿದ ಕಡೆ 88 ಪರ್ಸೆಂಟ್ ಅಂದಿದ್ದರು. ಕೇಳಲು ಸುಲಭ. ಲೆಕ್ಕ ಹಾಕಿ: ಎಂಟು ಗಂಟೆ ಅಂದರೆ 480 ನಿಮಿಷ. ಅದರಲ್ಲಿ 422 ನಿಮಿಷ ರೋಗಿಯ ಜೊತೆಯೇ ಇರಬೇಕು. ಉಳಿದ 58 ನಿಮಿಷದಲ್ಲಿ ನೋಟ್ಸು, ನಡೆದಾಟ, ನರ್ಸಿನ ಜೊತೆ ಮಾತು, ಟಾಯ್ಲೆಟ್ಟು ಎಲ್ಲ. ಹೊಸದರಲ್ಲಿ ನಾನು ಕಾರ್ಡ್ ಒತ್ತಿ, ಡ್ಯೂಟಿ ಮುಗಿಸಿ ಆಮೇಲೆ ಕಾರಿನಲ್ಲಿ ಕೂತು ನೋಟ್ಸ್ ಬರೆಯುತ್ತಿದ್ದೆ. ಸಂಬಳವಿಲ್ಲದ ದುಡಿಮೆ ಅದು. ಯಾರೂ ಹೇಳಿ ಮಾಡಿಸಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ನೀವು ಮಾಡಬೇಡಿ. ರೋಗಿ ಸಾಕ್ಸ್ ಏಡ್ ಜೊತೆ ಗುದ್ದಾಡುವಾಗಲೇ ಪಕ್ಕದಲ್ಲಿ ಕೂತು ಎರಡು ಸಾಲು ಬರೆಯುವುದನ್ನು ಕಲಿತುಕೊಳ್ಳಿ.

ಸ್ಕೂಲಿನ ಕೆಲಸದಲ್ಲಿ ಬೇಸಿಗೆ ರಜೆ ಸಿಗುತ್ತದೆ, ಮಕ್ಕಳಿರುವವರಿಗೆ ಅನುಕೂಲ, ಸಂಬಳ ಸ್ವಲ್ಪ ಕಮ್ಮಿ. ಮನೆಮನೆಗೆ ಹೋಗುವ ಹೋಮ್ ಹೆಲ್ತ್‌ಗೆ ಕಾರು ಬೇಕು, ಹಿಮದಲ್ಲಿ ಓಡಿಸುವ ಧೈರ್ಯವೂ ಬೇಕು. ಹೊಸಬರು ಒಂದೆರಡು ವರ್ಷ ನರ್ಸಿಂಗ್ ಹೋಮಿನಲ್ಲೇ ಇದ್ದು ಹೋಗುವುದು ಒಳ್ಳೆಯದು. ಅಲ್ಲಿ ಏನಾದರೂ ಆದರೆ ಕೂಗಿದರೆ ಯಾರಾದರೂ ಬರುತ್ತಾರೆ.

ಆರು ಗಜ

ನಾವು ಈ ಕೆಲಸಕ್ಕೆ ಏನು ತರುತ್ತೇವೆ ಅಂತ ಕೇಳಿದರೆ ಈ ಅಜ್ಜಿಯ ವಿಷಯ ಹೇಳಬೇಕು. ಹಾಸನದ ಕಡೆಯವರು, ಮಗನ ಮನೆಗೆ ಬಂದವರು. ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದು ಆಪರೇಷನ್ ಆಗಿತ್ತು. 90 ಡಿಗ್ರಿಗಿಂತ ಬಗ್ಗುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ. ಚಕ್ಕಳಮಕ್ಕಳ ಹಾಕಿ ಕೂರುವುದಂತೂ ದೂರದ ಮಾತು. ಥೆರಪಿಸ್ಟ್ ಬರೆದಿದ್ದ ಗುರಿ: ಉಪಕರಣ ಬಳಸಿ ತಾವೇ ಪ್ಯಾಂಟ್ ಹಾಕಿಕೊಳ್ಳುವುದು. ಎರಡು ದಿನ ಅಜ್ಜಿ ಪ್ಯಾಂಟ್ ಮುಟ್ಟಲಿಲ್ಲ. ನೋಟ್ಸಿನಲ್ಲಿ "ಸಹಕರಿಸುತ್ತಿಲ್ಲ" ಅಂತ ಬಿತ್ತು. ಮೂರನೇ ದಿನ ನನ್ನ ಪಾಲಿಗೆ ಬಂದರು. "ಏನಜ್ಜಿ, ಯಾಕೆ ಬೇಡ?" ಅಂದೆ. ಕನ್ನಡ ಕೇಳಿ ಕಣ್ಣು ದೊಡ್ಡದಾಯಿತು. "ಎಪ್ಪತ್ತೆಂಟು ವರ್ಷ ಸೀರೆ ಬಿಟ್ಟು ಇನ್ನೊಂದು ಉಟ್ಟಿಲ್ಲ ಕಣಮ್ಮ. ಈಗ ಗಂಡಸರ ಷರಾಯಿ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?" ಅಂದರು.

ಗುರಿ ಬದಲಾಯಿಸುವ ಅಧಿಕಾರ ನನಗಿಲ್ಲ, ಹೇಳಿದೆನಲ್ಲ. ಥೆರಪಿಸ್ಟ್ ಹತ್ತಿರ ಹೋಗಿ ಹೇಳಿದೆ. ಅವಳಿಗೆ ಸೀರೆ ಅಂದರೆ ಫೋಟೋದಲ್ಲಿ ನೋಡಿದ್ದು ಅಷ್ಟೇ. ಮರುದಿನ ನಾನೇ ಒಂದು ಕಾಟನ್ ಸೀರೆ ತಂದು, ಸ್ಕ್ರಬ್ಸ್ ಮೇಲೆ ಉಟ್ಟು ತೋರಿಸಿದೆ. ಎಲ್ಲಿ ಬಗ್ಗಬೇಕಾಗುತ್ತದೆ, ಎಲ್ಲಿ ಕಾಲಿಗೆ ಸಿಕ್ಕಿಕೊಳ್ಳಬಹುದು ಅಂತ ಅವಳು ಸುತ್ತ ನಡೆದು ನೋಡಿದಳು. ಗುರಿ ತಿದ್ದಿದಳು.

ಆಮೇಲೆ ನಾವಿಬ್ಬರೂ ಅಜ್ಜಿಯ ಜೊತೆ ಕೂತು ಬಿಡಿಸಿದೆವು. ಒಳಲಂಗದ ಲಾಡಿ ತೆಗೆದು ಎಲಾಸ್ಟಿಕ್ ಹಾಕಿಸಲು ಸೊಸೆಗೆ ಹೇಳಿದೆವು. ಲಂಗವನ್ನು ತಲೆಯ ಮೇಲಿನಿಂದಲೇ ಹಾಕಿಕೊಳ್ಳುವುದು, ಬಗ್ಗುವ ಗೊಡವೆಯೇ ಇಲ್ಲ. ಮೊದಲ ಸುತ್ತು ವಾಕರ್ ಹಿಂದೆ ನಿಂತು. ನೆರಿಗೆ ಹಿಡಿಯುವುದು ಎತ್ತರದ ಮಂಚದ ಅಂಚಿನಲ್ಲಿ ಕೂತು, ಸಿಗಿಸಲು ಮತ್ತೆ ಏಳುವುದು. ಕೆಳಗೆ ಬಿದ್ದ ಅಂಚು ಎತ್ತಲು ರೀಚರ್, ಅಂದರೆ ಉದ್ದ ಹಿಡಿಕೆಯ ಚಿಮಟದಂಥ ಕೋಲು. ಸೀರೆ ಪಾದ ಮುಚ್ಚಬಾರದು, ಹರಡಿಗಿಂತ ಮೇಲೆ ಇರಬೇಕು. ಅಜ್ಜಿಗೆ ಅದೊಂದು ಹಿಡಿಸಲಿಲ್ಲ. "ಗದ್ದೆ ನಾಟಿಗೆ ಹೊರಟಂಗಿದೆ" ಅಂದರು.

ಮೊದಲ ದಿನ 40 ನಿಮಿಷದಲ್ಲಿ ನೆರಿಗೆಯವರೆಗೂ ಬರಲಿಲ್ಲ. ಮಗ ಬಾಗಿಲಲ್ಲಿ ನಿಂತು ಚಡಪಡಿಸಿದರು. "ಅಮ್ಮನಿಗೆ ಯಾಕೆ ಇಷ್ಟು ಕಷ್ಟ ಕೊಡ್ತೀರಿ, ಮನೆಗೆ ಹೋದ ಮೇಲೆ ಇವಳು ಉಡಿಸ್ತಾಳೆ ಬಿಡಿ" ಅಂತ ಹೆಂಡತಿಯ ಕಡೆ ನೋಡಿದರು. ಅಜ್ಜಿ ತಲೆ ಎತ್ತಲಿಲ್ಲ. "ಅವಳು ಕೆಲಸಕ್ಕೆ ಹೋಗೋದು ಏಳು ಗಂಟೆಗೆ. ನಾನೇನು ಸಂಜೆವರೆಗೂ ನೈಟೀಲಿ ಕೂತಿರ್ಲಾ?" ಅಂದರು. ಒಂಬತ್ತನೇ ದಿನ ಪೂರ್ತಿ ಉಟ್ಟರು, 22 ನಿಮಿಷ. ಸೆರಗಿಗೆ ಪಿನ್ ಹಾಕಲು ಮಾತ್ರ ನನ್ನನ್ನು ಕರೆದರು. ಆ ದಿನ ನಾನು "ಮಿನಿಮಲ್ ಅಸಿಸ್ಟ್" ಅಂತ ಬರೆದೆ. ಅದು ನಿಜವಾಗಿತ್ತು.

ಹೊರಡುವ ಮುಂಚೆ

ಬೆನ್ನು ನೋಡಿಕೊಳ್ಳಿ. ಎತ್ತುವ ಕೆಲಸ ಇದ್ದೇ ಇದೆ. ಮೊಣಕಾಲು ಮಡಚಿ, ಹತ್ತಿರ ನಿಂತು, ಬೇಕಿದ್ದರೆ ಇನ್ನೊಬ್ಬರನ್ನು ಕರೆದು ಎತ್ತಿ. ಒಬ್ಬಳೇ ಎತ್ತಿದೆ ಅಂತ ಯಾರೂ ಹಾರ ಹಾಕುವುದಿಲ್ಲ. ನಿಮ್ಮ ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ಕಿವಿ ಮಂದವಾದ ಅಜ್ಜಂದಿರಿಗೆ ಅಮೆರಿಕದ ಗಡಿಬಿಡಿಯ ಇಂಗ್ಲಿಷಿಗಿಂತ ನಮ್ಮ ನಿಧಾನದ್ದೇ ಚೆನ್ನಾಗಿ ಕೇಳಿಸುತ್ತದೆ.

ಈ ವಾರ ಮಾಡಬೇಕಾದದ್ದು ಇಷ್ಟೇ. ಮನೆಯ ಹತ್ತಿರದ ಮೂರು ನರ್ಸಿಂಗ್ ಹೋಮುಗಳ ಹೆಸರು ಬರೆದುಕೊಳ್ಳಿ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಫೋನ್ ಮಾಡಿ. ಬೆಳಗ್ಗೆ ಮಾಡಿದರೆ ಯಾರೂ ಎತ್ತುವುದಿಲ್ಲ, ಎಲ್ಲರೂ ಬಚ್ಚಲುಮನೆಯಲ್ಲಿ ಇರುತ್ತಾರೆ. ರಿಹ್ಯಾಬ್ ಡೈರೆಕ್ಟರ್ ಬೇಕು ಅನ್ನಿ. ಓಟಿ ಅಸಿಸ್ಟೆಂಟ್ ಓದಬೇಕು ಅಂತಿದ್ದೇನೆ, ಒಂದು ಬೆಳಗ್ಗೆ ಪಕ್ಕದಲ್ಲಿ ನಿಂತು ನೋಡಬಹುದಾ ಅಂತ ಕೇಳಿ. ಇಬ್ಬರು ಇಲ್ಲ ಅನ್ನಬಹುದು. ಮೂರನೆಯವರು ಟಿಬಿ ಪರೀಕ್ಷೆಯ ಕಾಗದ ಕೇಳುತ್ತಾರೆ, ಅದನ್ನು ಮೊದಲೇ ಮಾಡಿಸಿಟ್ಟುಕೊಂಡಿರಿ. ಮುಚ್ಚಿದ ಶೂ ಹಾಕಿಕೊಳ್ಳಿ, ಬಳೆ ತೆಗೆದಿಡಿ, ಮತ್ತೆ ಜೇಬಿರುವ ಪ್ಯಾಂಟ್ ಹಾಕಿಕೊಂಡು ಹೋಗಿ.